ದೇವಮ್ಮನ ಹಾಡಿಗೆ ಕೂತವರು

ದೇವಮ್ಮ ಹಾಡಿದರೆ ತೆಲುಗು ಸೀಮೆಯ ಮಧುರವಾಡದಲ್ಲಿ ಕಾಯಿಸಿಟ್ಟ ಹಾಲು ಹೆಪ್ಪಿಲ್ಲದೆ ಮೊಸರಾಗುತ್ತದೆ ಅನ್ನುತ್ತಿದ್ದರು ಅಪಾರ್ಟ್‌ಮೆಂಟಿನವರು. ಆಕೆ ಜೈಲಿನಲ್ಲಿ ಹಾಡು ಕಲಿಸಲು ಹೊರಟಾಗಲಂತೂ ಎದುರುಮನೆಯ ಬಳ್ಳಾರಿ ಹೈಮಾವತಿ, "ಸರಿಯಾದ ಜಾಗ ಸಿಕ್ತು ಬಿಡ್ರಿ. ಅಲ್ಲಿ ಎದ್ದು ಹೋಗಾಕ ಬಾಗ್ಲಿಲ್ಲ" ಅಂದಳು.

ನೌಕಾದಳದ ಗಂಡ ಓಂಕಾರಪ್ಪನ ಹಿಂದೆ ಮಂಡ್ಯದ ಕಡೆಯಿಂದ ಬಂದವಳು ದೇವಮ್ಮ. ಕೋಲಾಟದಲ್ಲಿ ಪಳಗಿದ ಕೈ, ಹಾಡೆಂದರೆ ಪ್ರಾಣ. ಆದರೆ ಅವಳ ಒಂದು ಹಾಡನ್ನೂ ಯಾರೂ ಕೊನೆತನಕ ಕೂತು ಕೇಳಿರಲಿಲ್ಲ. ಓಂಕಾರಪ್ಪನಿಗೂ ಎರಡನೇ ಚರಣಕ್ಕೆ ಸರಿಯಾಗಿ ಡ್ಯೂಟಿ ನೆನಪಾಗುತ್ತಿತ್ತು. ಒಮ್ಮೆಯಾದರೂ ಜನ ಪೂರ್ತಿ ಕೇಳಲಿ, ಅಷ್ಟೇ ಆಕೆಯ ಆಸೆ.

ಎರಡು ಸಾವಿರದ ನಾಲ್ಕರಲ್ಲಿ, ಕೈದಿಗಳ ಮನಸ್ಸು ಹಗುರಾಗಲೆಂದು ಜೈಲಿನವರು ಶನಿವಾರದ ಭಜನೆ ಶುರುಮಾಡಿದರು. ಕಲಿಸಲು ಬೇರಾರೂ ಬರಲಿಲ್ಲ. ಮೊದಲ ವಾರ ಇಪ್ಪತ್ತು ಜನ ಕೂತರು. ಎರಡನೇ ವಾರ ನಾಲ್ವರು. ಉಳಿದವರು "ಕಳೆ ಕೀಳ್ತೀವಿ ಸಾರ್" ಎಂದು ತಾವಾಗಿಯೇ ತೋಟದ ಕೆಲಸ ಬೇಡಿ ಪಡೆದಿದ್ದರು. ಹತ್ತು ಜನ ಸೇರದಿದ್ದರೆ ಭಜನೆ ಬಂದ್ ಅಂದರು ಜೈಲರು.

ಆ ನಾಲ್ವರಲ್ಲೊಬ್ಬ ಮಡಕಶಿರಾದ ಲಾರಿ ಡ್ರೈವರ್ ದಕ್ಷಿಣಾಮೂರ್ತಿ, ಕನ್ನಡ ಬಲ್ಲವ. "ಅಮ್ಮಾ, ನಿಮ್ಮ ಕೈ ಬಂಗಾರ. ತಾಳ ಚೂರೂ ತಪ್ಪಲ್ಲ. ಹಾಡೋದು ಮಾತ್ರ ನಮಗೆ ಬಿಡಿ" ಅಂದ.

"ಮತ್ತೆ ನನ್ ಬಾಯಿ?"

"ಅದಕ್ಕೆ ಎಲೆಯಡಿಕೆ ಹಾಕ್ಕೊಳ್ಳಿ."

ದೇವಮ್ಮ ವಾರವಿಡೀ ಮುಖ ಊದಿಸಿಕೊಂಡಿದ್ದಳು. ಶನಿವಾರ ಬಾಯಿತುಂಬ ಎಲೆಯಡಿಕೆ ತುಂಬಿಕೊಂಡು ಹೋದಳು. ಆಕೆ ತಾಳ ಹಾಕಿದಳು, ಅವರು ಹಾಡಿದರು. ಅನ್ನದ ಸಾಲಿನಲ್ಲಿ ಕಿತ್ತಾಡುತ್ತಿದ್ದವರು ಈಗ ಒಬ್ಬ ಎತ್ತಿದ ಸಾಲನ್ನು ಇನ್ನೊಬ್ಬ ಮುಗಿಸಬೇಕಾಯಿತು. ವರ್ಷದೊಳಗೆ ಭಜನೆಗೆ ನಲವತ್ತು ಜನ. ತೋಟದಲ್ಲಿ ಮೊಣಕಾಲುದ್ದ ಕಳೆ.

ಎರಡು ವರ್ಷಕ್ಕೆ ಓಂಕಾರಪ್ಪನಿಗೆ ಕಾರವಾರಕ್ಕೆ ವರ್ಗವಾಯಿತು. ಸುದ್ದಿ ಕೇಳಿ ದಕ್ಷಿಣಾಮೂರ್ತಿ, "ಬರೋ ಶನಿವಾರ ನೀವೇ ಹಾಡ್ಬೇಕಮ್ಮಾ, ಪೂರ್ತಿ. ತಾಳ ನಮ್ದು" ಅಂದ.

"ಎದ್ದೋದ್ರೆ?"

"ಕಳೆ ಕೀಳೋಕೆ ಯಾರೂ ಹೆಸರು ಕೊಟ್ಟಿಲ್ಲ. ವಿಚಾರಿಸಿಯೇ ಬಂದೆ."

ಆ ಶನಿವಾರ ಸಾಮಾನೆಲ್ಲ ಲಾರಿ ಹತ್ತಿತ್ತು. ಓಂಕಾರಪ್ಪ, ರೈಲಿಗೆ ಐದು ತಾಸಿದ್ದರೂ, ಆಗಲೇ ಸ್ಟೇಷನ್ನಿಗೆ ಹೋಗಿಬಿಟ್ಟಿದ್ದ. ದೇವಮ್ಮ ಖಾಲಿ ಮನೆಗೆ ಬೀಗ ಹಾಕಿ, ಕೀಲಿಯನ್ನು ಹೈಮಾವತಿಯ ಕೈಗಿಟ್ಟಳು.

"ಸ್ಟೇಷನ್ನಿಗೇನ್ರಿ?"

"ಮೊದ್ಲು ಜೈಲಿಗೆ ಕಣವ್ವ. ಹಾಡೈತೆ."

"ಯಾರು ಹಾಡೋರು?"

"ನಾನೇಯ."

"ಅಯ್ಯೋ, ಪಾಪಂ!"

ದೇವಮ್ಮ ಮೂಲೆಯ ನಲ್ಲಿಯ ಬಳಿ ಎಲೆಯಡಿಕೆ ಉಗಿದು, ಎರಡು ಸಲ ಬಾಯಿ ಮುಕ್ಕಳಿಸಿ, ಮೆಟ್ಟಿಲಿಳಿದಳು.