ಮೇಷ್ಟ್ರು ಎತ್ತಿದ ಮಿಸ್ಡ್ ಕಾಲ್

ಇದು ಹೀಗೇ ನಡೆಯಿತೆಂದು ಪ್ರಮಾಣ ಮಾಡಿ ಹೇಳಲಾರೆ. ಮೇಷ್ಟ್ರು ನಿಂತು ಪಾಠ ಮಾಡುತ್ತಿದ್ದರೆಂದು ನನ್ನ ನೆನಪು. ಅವತ್ತು ಅವರಿಗೆ ಕಾಲು ಉಳುಕಿತ್ತು, ಕೂತೇ ಇದ್ದರು ಎನ್ನುತ್ತಾನೆ ಒಬ್ಬ ಗೆಳೆಯ. ಹಾಗಿದ್ದರೆ ಕೊನೇ ಬೆಂಚಿನವರೆಗೆ ಬಂದು ಫೋನ್ ಕಿತ್ತುಕೊಂಡವರು ಯಾರು?

ಪೀಣ್ಯದ ಕಾರ್ಖಾನೆಗಳ ನಡುವಿನ ಡಿಪ್ಲೊಮಾ ಕಾಲೇಜು ನಮ್ಮದು. ತರಗತಿಗೆ ಯಾರೂ ಫೋನ್ ತರುವಂತಿರಲಿಲ್ಲ. ಆದರೂ ನನ್ನ ಪಕ್ಕ ಕೂರುತ್ತಿದ್ದ ರಾಯಚೂರು ಕಡೆಯವನು ಅವತ್ತು ಫೋನನ್ನು ಬೆಂಚಿನ ಮೇಲೇ ಇಟ್ಟುಕೊಂಡಿದ್ದ. ಹತ್ತಿರದ ಕಾರ್ಖಾನೆಯೊಂದರಲ್ಲಿ ಸಂಜೆ ಪಾಳಿಗೆ ಒಬ್ಬನನ್ನು ತೆಗೆದುಕೊಳ್ಳುವವರಿದ್ದರು. ಆ ಕೆಲಸ ಸಿಗದಿದ್ದರೆ ಅವನು ಕಾಲೇಜು ಬಿಟ್ಟು ಅಣ್ಣನ ಜೊತೆ ಗಾರೆ ಕೆಲಸಕ್ಕೆ ಹೋಗಬೇಕಿತ್ತು. ಆ ಕಾರ್ಖಾನೆ ಗೇಟಿನ ಗಾರ್ಡ್ ಅವನ ಊರಿನವನು. ಒಂದು ಮಿಸ್ಡ್ ಕಾಲ್ ಬಂದರೆ ಬಾ ಎಂದು, ಎರಡು ಬಂದರೆ ಬರಬೇಡ ಎಂದು ಮಾತಾಗಿತ್ತು. ಮಾತಾಡಿ ಕರೆನ್ಸಿ ಕಳೆಯುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ.

ಫೋನ್ ಗುರ್ರೆಂದಿತು. ಮೇಷ್ಟ್ರು ಬಂದು ಕಿತ್ತುಕೊಂಡರು.

"ಸರ, ಎತ್ತಬ್ಯಾಡ್ರಿ. ಮಿಸ್ ಕಾಲ್ ಐತ್ರಿ ಅದು."

ಮೇಷ್ಟ್ರು ಎತ್ತಿ, "ಕ್ಲಾಸ್ ನಡೀತಾ ಇದೆ" ಎಂದರು. ಆ ಕಡೆಯಿಂದ ಕಟ್ ಆಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಗುರ್ರೆಂದು ತಾನೇ ನಿಂತಿತು.

ಅವನು ವಿಷಯ ಹೇಳಿದ ಮೇಲೆ ಪಾಠ ಮುಂದುವರಿಯಲಿಲ್ಲ.

"ಎರಡು ಬಂತಲ್ಲ ಮಗಾ, ಹೋಗ್ಬೇಡ" ಎಂದ ಮುಂದಿನ ಬೆಂಚಿನವನು.

"ಎತ್ತಿದ್ಮೇಲೆ ಅದು ಮಿಸ್ಡ್ ಕಾಲ್ ಹೆಂಗಾಗುತ್ತೆ ಗುರು?" ಎಂದೆ ನಾನು.

"ನಾನು ಎತ್ತಿ ಹಾಳಾಯ್ತು ಅಂತ ಇನ್ನೊಂದು ಕೊಟ್ಟಿರಬಹುದು" ಎಂದರು ಮೇಷ್ಟ್ರು. ಅವರು ಕಲಿಸುತ್ತಿದ್ದುದು ಡಿಜಿಟಲ್ ಎಲೆಕ್ಟ್ರಾನಿಕ್ಸ್.

ಕೊನೆಗೆ ತಮ್ಮದೇ ಫೋನನ್ನು ಜೇಬಿನಿಂದ ತೆಗೆದು ಗಾರ್ಡ್‌ಗೆ ಮಾಡಿದರು. ಅವನು ಎತ್ತಲಿಲ್ಲ. ಯಾರೋ ಮಿಸ್ಡ್ ಕಾಲ್ ಕೊಟ್ಟರೆಂದುಕೊಂಡು, ಮರ್ಯಾದೆಗೆ ತಾನೂ ಒಂದು ಕೊಟ್ಟ.

"ಇದನ್ನ ಯಾವ ಲೆಕ್ಕಕ್ಕೆ ಸೇರಿಸ್ತೀಯಪ್ಪ?"

"ಗೊತ್ತಿಲ್ರಿ ಸರ."

"ಹೋಗಿ ಫ್ಯಾಕ್ಟರಿ ಗೇಟ್ ಹತ್ರ ನಿಂತ್ಕೊ. ಅಟೆಂಡೆನ್ಸ್ ಹಾಕ್ತೀನಿ."

ಅವನು ಹೋದ. ಕೆಲಸ ಸಿಕ್ಕಿತು, ಡಿಪ್ಲೊಮಾವೂ ಮುಗಿಯಿತು. ನನ್ನ ವಾದವೇ ಸರಿಯಿತ್ತೆಂದು ನಾನು ಬಹಳ ಕಾಲ ನಂಬಿದ್ದೆ.

ವರ್ಷಗಳ ನಂತರ ನಾಗಸಂದ್ರದ ಮೆಟ್ರೊ ನಿಲ್ದಾಣದಲ್ಲಿ ಅವನು ಸಿಕ್ಕಾಗ ಕೇಳಿದೆ. ಮೇಷ್ಟ್ರ ಕಾಲು ಉಳುಕಿದ್ದು ಅವನಿಗೂ ನೆನಪಿರಲಿಲ್ಲ. ಮಿಸ್ಡ್ ಕಾಲ್ ವಿಷಯವನ್ನು ಮಾತ್ರ ಅವನು ಗಾರ್ಡ್‌ನನ್ನೇ ಕೇಳಿ ತಿಳಿದುಕೊಂಡಿದ್ದ. ಬೇರೊಬ್ಬನನ್ನು ಆಗಲೇ ಗೊತ್ತುಮಾಡಿದ್ದರು, ಆ ಮನುಷ್ಯ ಬರಲಿಲ್ಲ, ಗೇಟಿನಲ್ಲಿ ನಿಂತಿದ್ದ ಇವನನ್ನು ಒಳಗೆ ಕರೆದರು. ಗಾರ್ಡ್ ಅವತ್ತು ಲೆಕ್ಕ ಹಾಕಿಯೇ ಎರಡು ಕೊಟ್ಟಿದ್ದ.