ಹೊಳೆವ್ವನ ಲೈನು

ಹೊಳೆವ್ವನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಮಾತು ಚೆನ್ನಾಗಿ ಬರುತ್ತದೆ, ಆ ಒಂದರಲ್ಲೇ ಅವಳು ಬೊಮ್ಮನಹಳ್ಳಿಯಲ್ಲಿ ಇಷ್ಟು ವರ್ಷ ಬಾಳುವೆ ಮಾಡಿದ್ದಾಳೆ. ಆ ಮಾತು ಲೈನು.

ಕೊಪ್ಪಳದ ಕಡೆಯಿಂದ ಗಂಡ ಮಲಕಪ್ಪನ ಜೊತೆ ಬಂದಿಳಿದ ದಿನವೇ ಅದು ಅವಳ ಕಿವಿಗೆ ಬಿದ್ದಿತ್ತು. ಹೊಸೂರು ರಸ್ತೆಯ ಹಿಂದಿನ ಗಲ್ಲಿಯಲ್ಲಿ ಅವರು ಹಿಡಿದ ಒಂಟಿ ಕೋಣೆಗೆ ಲೈನ್ ಮನೆ ಎನ್ನುತ್ತಿದ್ದರು. ಮರುದಿನ ನಲ್ಲಿಗೆ ಕೊಡ ಹಿಡಿದು ನುಗ್ಗಿದಾಗ "ಲೈನಲ್ಲಿ ಬಾಮ್ಮ" ಎಂದು ಅಲ್ಲಿದ್ದವರೆಲ್ಲ ಗದರಿದರು. ಮಲಕಪ್ಪ ಸೆಂಟ್ರಿಂಗ್ ಕೆಲಸಕ್ಕೆ ವರ್ತೂರಿನ ಕಡೆ ಹೋದನೆಂದರೆ ಅವನ ಫೋನಿಗೆ ಲೈನ್ ಸಿಗುತ್ತಿರಲಿಲ್ಲ. ಪಕ್ಕದ ಮನೆಯ ಹುಡುಗಿಗೆ ಆಟೋದವನೊಬ್ಬ ಲೈನ್ ಹೊಡೆಯುತ್ತಿದ್ದಾನೆ ಎಂದು ಕೇಳಿ, ಹೊಳೆವ್ವ ಅವನನ್ನು ಕರೆಂಟಿನವನು ಎಂದುಕೊಂಡು, "ತಮ್ಮಾ, ನಮ್ಮ ಮನ್ಯಾಗಿನ ಬಲ್ಬು ಉರಿಯಾಂಗಿಲ್ಲ ನೋಡು" ಎಂದು ಹೇಳಿ ಬಂದಿದ್ದಳು. ಅವನು ಬಲ್ಬು ಹಾಕಿಕೊಟ್ಟು ಹೋದ. ಹುಡುಗಿಯ ಅಪ್ಪನಿಗೆ ಮಾತ್ರ ಮೈಯೆಲ್ಲ ಉರಿದಿತ್ತು.

ಆದರೆ ಹೊಳೆವ್ವ ಬರೀ ಲೈನು ಎಂದರೆ ಅದು ಗಾರ್ಮೆಂಟ್ಸಿನ ಲೈನು. ಒಂದರ ಹಿಂದೆ ಒಂದು ಮಿಷನ್ನು, ಒಬ್ಬಳ ಬೆನ್ನಿಗೆ ಒಬ್ಬಳು. ಒಬ್ಬಳು ಕಾಲರು ಕೂರಿಸಿದರೆ ಇನ್ನೊಬ್ಬಳು ತೋಳು ಹಚ್ಚುತ್ತಾಳೆ, ಹೊಳೆವ್ವ ಜೇಬು ಹೊಲಿಯುತ್ತಾಳೆ. ಬಟ್ಟೆ ಕೈಯಿಂದ ಕೈಗೆ ದಾಟಿ ಕೊನೆಗೆ ಶರ್ಟಾಗುತ್ತದೆ. ನಡುವೆ ಒಬ್ಬಳು ನಿಂತರೆ ಮುಂದಿನವರೆಲ್ಲ ಕೈ ಕಟ್ಟಿ ಕೂರಬೇಕು, ಹಿಂದಿನವರ ಮುಂದೆ ಬಟ್ಟೆ ಗುಡ್ಡೆ ಬೀಳುತ್ತದೆ. ಅದಕ್ಕೇ ಇವಳು ಹಿಂದೆ ಬಿದ್ದರೆ ಪಕ್ಕದ ಮಿಷನ್ನಿನಲ್ಲಿ ಜೇಬೇ ಹೊಲಿಯುವ ಸವಿತಾ ಎರಡು ಕಟ್ಟು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು, ಸವಿತಾಳಿಗೆ ಹುಷಾರಿಲ್ಲದಾಗ ಇವಳು. ಮಧ್ಯಾಹ್ನ ಎಲ್ಲರ ಬುತ್ತಿಯೂ ನಡುವೆ ಬಿಚ್ಚಿಕೊಳ್ಳುತ್ತಿತ್ತು. ಇವಳ ಜೋಳದ ರೊಟ್ಟಿ ಯಾರದ್ದೋ ಬಾಯಿಗೆ, ಯಾರದ್ದೋ ಮುದ್ದೆ ಸಾರು ಇವಳ ಬಾಯಿಗೆ. ಅವ್ವ ಸತ್ತಾಗ ಊರಿಗೆ ಹೋಗಿಬಂದವಳನ್ನು ಒಂದು ವಾರ ಒಲೆ ಹಚ್ಚಗೊಡದೆ ಉಣ್ಣಿಸಿದ್ದು ಈ ಹೆಂಗಸರೇ. ಬೇರೆಯವರು ತವರು ಎನ್ನುವ ಹಾಗೆ ಅವಳು "ನಮ್ ಲೈನು" ಎನ್ನುತ್ತಿದ್ದಳು. ಆ ಲೈನು ಬಿಟ್ಟರೆ ಈ ಊರಿನಲ್ಲಿ ತಾನು ಯಾರೂ ಅಲ್ಲ ಎಂದು ಅವಳಿಗೆ ಖಾತ್ರಿಯಾಗಿ ಗೊತ್ತಿತ್ತು.

ಇಂಥವಳಿಗೆ ಕಣ್ಣು ಕೈಕೊಡತೊಡಗಿತು. ವಯಸ್ಸು ನಲವತ್ತು ದಾಟಿದ ಮೇಲೆ ಕಣ್ಣು ಯಾರ ಮುಲಾಜೂ ನೋಡುವುದಿಲ್ಲ. ಮೊದಮೊದಲು ಸೂಜಿಯ ಕಣ್ಣು ಮಸುಕಾಯಿತು, ಆಮೇಲೆ ಇಲ್ಲವೇ ಆಯಿತು. ಹೊಳೆವ್ವ ಉಪಾಯಗಾತಿ. ದಾರ ಬದಲಾಯಿಸುವಾಗ ಹಳೆಯದರ ತುದಿಗೆ ಹೊಸದನ್ನು ಗಂಟು ಹಾಕಿ ಮೆಲ್ಲಗೆ ಎಳೆದುಕೊಂಡರೆ ಪೋಣಿಸುವ ಗೊಡವೆಯೇ ಇಲ್ಲ. ಹೊಲಿಗೆ ನೇರ ಹೋಗಿದೆಯೋ ಇಲ್ಲವೋ ಎಂಬುದನ್ನು ಹೆಬ್ಬೆರಳೇ ಹೇಳುತ್ತಿತ್ತು.

ಒಂದು ಕನ್ನಡಕ ಹಾಕಿಕೊಳ್ಳಬಾರದೇ ಎಂದು ನೀವು ಕೇಳಬಹುದು. ಸಿದ್ದಮ್ಮನನ್ನು ನೋಡಿದವರು ಕೇಳುವುದಿಲ್ಲ. ಮಾಗಡಿ ಕಡೆಯ ಸಿದ್ದಮ್ಮ ಒಂದು ಕಾಲಕ್ಕೆ ಕಾಲರು ಕೂರಿಸುವುದರಲ್ಲಿ ಆ ಫ್ಲೋರಿಗೇ ಮೊದಲ ಕೈ. ಒಂದು ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಬಂದು ಕೂತಳು. ಆ ವಾರವೇ ಅವಳನ್ನು ಮಿಷನ್ನಿನಿಂದ ಎಬ್ಬಿಸಿ ಹೆಲ್ಪರ್ ಮಾಡಿದರು. ಈಗ ಅವಳು ನಿಂತೇ ಇರುತ್ತಾಳೆ, ದಾರದ ಉಂಡೆ ಹಂಚುತ್ತಾಳೆ, ಎಳೆ ಕತ್ತರಿಸುತ್ತಾಳೆ. ಲೈನಿನ ಪಕ್ಕ ಓಡಾಡುತ್ತಾಳೆ, ಲೈನಿನಲ್ಲಿ ಕೂರುವುದಿಲ್ಲ. ಅಲ್ಲಿಂದೀಚೆಗೆ ಆ ಫ್ಲೋರಿನಲ್ಲಿ ಯಾರ ಮೂಗಿನ ಮೇಲೂ ಕನ್ನಡಕ ಏರಲಿಲ್ಲ.

ಆ ಶನಿವಾರ ಬೆಳಿಗ್ಗೆ ಕರಿ ಶರ್ಟಿನ ಆರ್ಡರು ಮುಗಿದು ನೇವಿ ಬ್ಲೂ ಶುರುವಾಗಿತ್ತು. ಸಿದ್ದಮ್ಮ ಹೊಸ ದಾರ ತಂದು ಸ್ಟ್ಯಾಂಡಿಗೆ ಏರಿಸಿ ಹೋದಳು. ಹಳೆಯ ಕರಿ ಉಂಡೆಯೂ ಪಕ್ಕದಲ್ಲೇ ಇತ್ತು. ಹೊಳೆವ್ವನ ಕಣ್ಣಿಗೆ ಎರಡೂ ಒಂದೇ. ದಾರ ಕತ್ತರಿಸಿ, ಕೈಗೆ ಸಿಕ್ಕ ಉಂಡೆಯ ತುದಿಗೆ ಎಂದಿನಂತೆ ಗಂಟು ಹಾಕಿದಳು, ಎಳೆದಳು, ಹೊಲಿದಳು. ಚೆಕ್ಕರ್ ಕಿಟಕಿಯ ಬೆಳಕಿಗೆ ಶರ್ಟು ಹಿಡಿದು ಕೂಗುವ ಹೊತ್ತಿಗೆ ನೇವಿ ಬಟ್ಟೆಯ ಮೇಲೆ ಕರಿ ದಾರದ ಜೇಬು ಹೊತ್ತ ಶರ್ಟುಗಳು ಲೈನಿನ ಕೊನೆಯವರೆಗೂ ಹೋಗಿಬಿಟ್ಟಿದ್ದವು.

ಸೂಪರ್‌ವೈಸರ್ ನರೇಶ್ ಧಾವಿಸಿ ಬಂದ. ಕೆಟ್ಟವನಲ್ಲ, ಮೇಲಿನವರು ಇವನ ಮೇಲೆ ಕೂಗುತ್ತಾರೆ, ಇವನು ಇವರ ಮೇಲೆ ಕೂಗುತ್ತಾನೆ, ಅಷ್ಟೇ.

"ಹೊಳೆವ್ವಕ್ಕಾ, ಏನಕ್ಕಾ ಇದು? ಕಪ್ಪು ಯಾವ್ದು ನೇವಿ ಯಾವ್ದು ಗೊತ್ತಾಗಲ್ವಾ? ಕಣ್ಣು ಸರಿಗೈತಾ ನಿಮ್ಗೆ?"

ಕಣ್ಣು ಎಂದದ್ದೇ ತಡ, ಹೊಳೆವ್ವನ ಜೀವ ಹಾರಿಹೋಯಿತು. ನಾಳೆ ತಾನೂ ನಿಂತುಕೊಂಡು ಎಳೆ ಕತ್ತರಿಸುವುದು ಕಣ್ಣ ಮುಂದೆ ಬಂತು, ಅದೊಂದು ಮಾತ್ರ ಸ್ಪಷ್ಟವಾಗಿ ಕಂಡಿತು. ಬಾಯಿ ತಾನಾಗಿ ತೆರೆಯಿತು.

"ನಂದೇನೈತ್ರಿ ಸರ್, ಸಿದ್ದಮ್ಮಕ್ಕ ಕೊಟ್ಟ ದಾರಾನ ಹಾಕೀನಿ."

ನರೇಶ್ ಅತ್ತ ತಿರುಗಿದ. "ಕನ್ನಡಕ ಹಾಕ್ಕೊಂಡೂ ಕಾಣಲ್ವೇನಮ್ಮಾ ನಿಂಗೆ? ಇಲ್ಲೂ ಆಗಲ್ಲ ಅಂದ್ರೆ ಮನೇಲಿರು!"

ಸಿದ್ದಮ್ಮ ಒಮ್ಮೆ ಸ್ಟ್ಯಾಂಡಿನ ಮೇಲಿದ್ದ ಎರಡು ಉಂಡೆಗಳನ್ನು ನೋಡಿದಳು, ಒಮ್ಮೆ ಹೊಳೆವ್ವನನ್ನು ನೋಡಿದಳು. "ತಪ್ಪಾಯ್ತು ಸಾರ್" ಎಂದಳು.

ಊಟದ ಬಿಡುವಿನಲ್ಲೂ ಇಡೀ ಲೈನು ಕೂತು ಜೇಬು ಬಿಚ್ಚಿತು. ಆಮೇಲೆ ಗಡಿಬಿಡಿಯಲ್ಲಿ ಬುತ್ತಿ ಬಿಚ್ಚಿದಾಗ ಸಿದ್ದಮ್ಮ ಹೊಳೆವ್ವನ ಪಕ್ಕವೇ ಕೂತು, ತನ್ನ ಡಬ್ಬಿಯ ಅವರೆಕಾಳು ಸಾರನ್ನು ಎಂದಿನಂತೆ ಅವಳ ರೊಟ್ಟಿಯ ಮೇಲೆ ಸುರಿದಳು. ಬೈದಿದ್ದರೆ ಉಂಡುಬಿಡಬಹುದಿತ್ತು. ಹೊಳೆವ್ವ ಆ ರೊಟ್ಟಿಯನ್ನು ಹಾಗೇ ಮಡಚಿ ಡಬ್ಬಿಗೆ ಹಾಕಿ ಮುಚ್ಚಿದಳು.

ಭಾನುವಾರ ಹೊಳೆವ್ವ ಮಲಕಪ್ಪನನ್ನು ಎಬ್ಬಿಸಿ ನಡೆದದ್ದನ್ನೆಲ್ಲ ಹೇಳಿದಳು. ಅವನು ಮಗ್ಗುಲು ಬದಲಿಸಿ, "ಮಂದಿ ಹೊಟ್ಟಿ ಮ್ಯಾಲೆ ಹೊಡದು ಎಷ್ಟು ದಿನ ಹೊಲೀತಿ? ನಡಿ, ಕನ್ನಡಕ ತರೂಣು" ಎಂದ. ಬೊಮ್ಮನಹಳ್ಳಿ ಮಾರುಕಟ್ಟೆಯ ಅಂಗಡಿಯಲ್ಲಿ ಕಣ್ಣು ತೋರಿಸಿ ತಂದರು.

ಸೋಮವಾರ ಬೆಳಿಗ್ಗೆ ಅವಳು ಮಿಷನ್ನಿನ ಮುಂದೆ ಕೂತು, ಕನ್ನಡಕ ಏರಿಸಿ, ದಾರವನ್ನು ಕತ್ತರಿಸಿ ಒಂದೇ ಸಲಕ್ಕೆ ಪೋಣಿಸಿದಳು. ನರೇಶ್ ಬಂದು ನಿಂತ. ಇವಳು ಎದ್ದು ನಿಂತಳು.

"ಸರ್, ಆವತ್ತು ಸಿದ್ದಮ್ಮಕ್ಕ ಸರಿ ದಾರಾನ ಕೊಟ್ಟಿದ್ಳು. ನಂಗ ಕಾಣಲಿಲ್ರಿ. ಸುಳ್ಳು ಹೇಳಿದೆ. ಏನ್ ಮಾಡ್ತೀರಿ ಮಾಡ್ರಿ."

ಮಿಷನ್ನುಗಳ ಸದ್ದು ಒಂದೊಂದಾಗಿ ನಿಂತಿತು. ನರೇಶ್ ತಲೆ ಕೆರೆದುಕೊಂಡ. "ಮೇಲೆ ಹೇಳ್ಬೇಕಾಗುತ್ತೆ ಅಕ್ಕಾ. ನನ್ ಕೈಲಿಲ್ಲ. ಅಲ್ಲೀತನಕ ಹೊಲೀರಿ" ಎಂದು ಹೊರಟ.

ಮಧ್ಯಾಹ್ನ ಎಲ್ಲರೂ ಬುತ್ತಿಯ ಸುತ್ತ ಕೂತರು. ಸವಿತಾ ಕನ್ನಡಕಕ್ಕೆ ಕೈಚಾಚಿದಳು. "ಒಂದ್ಸಲ ಕೊಡಕ್ಕಾ, ನೋಡ್ತೀನಿ." ಕನ್ನಡಕ ಹಾಕಿಕೊಂಡು, ಸೀರೆಯ ಸೆರಗಿನ ಅಂಚನ್ನು ಕಣ್ಣಿನ ಹತ್ತಿರ ತಂದು ನೋಡುತ್ತಲೇ ಕೂತಳು. ಅವಳ ಕಣ್ಣಲ್ಲಿ ನೀರು ಬಂತು. "ಅಯ್ಯೋ, ಎಳೆಎಳೆ ಕಾಣ್ತೈತೆ ಕಣಕ್ಕಾ. ನಾನೂ ಬರೀ ಕೈಯಲ್ಲಿ ತಡಕಿ ಹೊಲೀತಿದ್ದೆ." ತೋಳಿನವಳು ಕಿತ್ತುಕೊಂಡಳು, ಕಾಜದವಳು ಕೇಳಿದಳು. ಬುತ್ತಿಯ ಹಾಗೆಯೇ ಕನ್ನಡಕವೂ ಕೈಯಿಂದ ಕೈಗೆ ಹೋಯಿತು. ಒಬ್ಬಳಂತೂ ಬ್ಯಾಗಿನ ತಳಕ್ಕೆ ಕೈಹಾಕಿ, ಕರ್ಚೀಫಿನಲ್ಲಿ ಸುತ್ತಿ ಬಚ್ಚಿಟ್ಟಿದ್ದ ತನ್ನದನ್ನೇ ತೆಗೆದಳು.

ಮರುದಿನದಿಂದ ಒಬ್ಬೊಬ್ಬರಾಗಿ ಉಳಿದವರೂ ಅದೇ ಮಾರುಕಟ್ಟೆಯ ಅಂಗಡಿಗೆ ಹೋಗಿಬಂದರು. ಆ ವಾರದ ಕೊನೆಗೆ ಫ್ಲೋರ್ ಮ್ಯಾನೇಜರ್ ನರೇಶನ ಜೊತೆ ಬಂದ. ಲೈನಿನ ತಲೆಯಿಂದ ನೋಡಿದರೆ ಒಂದರ ಹಿಂದೆ ಒಂದು ಕನ್ನಡಕ. ಎಲ್ಲರನ್ನೂ ಎಬ್ಬಿಸಿದರೆ ಶರ್ಟು ಹೊಲಿಯುವವರು ಯಾರು? ಅವನು ಹೊಳೆವ್ವನ ಹತ್ತಿರ ನಿಂತು, ಜೇಬಿನ ಹೊಲಿಗೆ ನೋಡಿ, ಯಾರನ್ನೂ ಎಬ್ಬಿಸದೆ ಹೋದ. ಹೆಂಗಸರು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿದರು, ಸವಿತಾ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಹೊಳೆವ್ವನಿಗೆ ಹೋದ ಜೀವ ಬಂದಂತಾಯಿತು.

ಸಿದ್ದಮ್ಮ ದಾರದ ಬುಟ್ಟಿ ಹಿಡಿದು ಲೈನಿನ ಪಕ್ಕ ನಿಂತಿದ್ದಳು. ಆ ಸಾಲನ್ನು ತಲೆಯಿಂದ ಕೊನೆಯವರೆಗೆ ನೋಡಿ, ನಗುತ್ತಲೇ ಹೇಳಿದಳು:

"ಅಂಗಾದ್ರೆ ನಾ ಆವತ್ತು ಒಬ್ಳೇ ಆಕ್ಕೊಂಡ್ ಬಂದಿದ್ದೇ ತಪ್ಪಾಯ್ತು ನೋಡ್ರಮ್ಮೀ."

ಹೊಳೆವ್ವ ತಲೆ ತಗ್ಗಿಸಿ ಮುಂದಿನ ಜೇಬು ಕೈಗೆತ್ತಿಕೊಂಡಳು.