ಪಾಳಿಗೆ ಮೊದಲು ಒಂದು ಬಟ್ಟಲು ಗಂಜಿ

ಭದ್ರಾವತಿಗೆ ಬಂದ ಮೊದಲ ಮಧ್ಯಾಹ್ನ ತಮ್ಮನಿಗೆ ಅನ್ನ ಬಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಊರಿಗೆ ಊರೇ ಊಳಿಟ್ಟಂತೆ ಕೂಗು ಎದ್ದಿತು. ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡು ಕೊಡ ಹಿಡಿದು ಹೊರಗೆ ಓಡಿದೆ. ಬೀದಿಯಲ್ಲಿ ಯಾರಿಗೂ ಗಾಬರಿಯಿರಲಿಲ್ಲ. ಪಕ್ಕದ ಮನೆಯ ಹೆಂಗಸು ಜಗುಲಿಯಲ್ಲಿ ಕೂತು ಅಕ್ಕಿ ಆರಿಸುತ್ತ ನನ್ನನ್ನು ನೋಡಿ ನಕ್ಕಳು.

"ಬೆಂಕಿ ಅಲ್ಲಮ್ಮಾ, ಕಾರ್ಖಾನೆ ಸೈರನ್ನು. ಕೊಡ ಇಳಿಸಿ, ಸೊಂಟ ಉಳುಕತ್ತೆ."

ಒಳಗೆ ಬಂದರೆ ತಮ್ಮ ಅರ್ಧ ತಟ್ಟೆ ಬಿಟ್ಟೆದ್ದು ಅಂಗಿಯ ಗುಂಡಿ ಹಾಕುತ್ತಿದ್ದ. ನಮ್ಮ ಗದಗಿನ ಕಡೆ ಉಂಡು ಕೈತೊಳೆದ ಮೇಲೆಯೇ ಕೆಲಸದ ಹೊತ್ತು. ಇಲ್ಲಿ ಕಾರ್ಖಾನೆ ಕೂಗಿದರೆ ಬಾಯಿಗೆ ಬಂದ ತುತ್ತೂ ನಿಲ್ಲುತ್ತದೆ.

ನಾನು ಬಂದದ್ದು ಅಡಿಗೆ ಮಾಡಿ ಹಾಕಲಿಕ್ಕೆ ಎಂದು ಎಲ್ಲರೂ ತಿಳಿದಿದ್ದರು. ನಿಜ ಹೇಳಬೇಕೆಂದರೆ ಕಾವಲಿಗೆ ಬಂದಿದ್ದೆ. ನನ್ನ ಯಜಮಾನರು ಹೊಟ್ಟೆಹುಣ್ಣಿನಿಂದ ತೀರಿಕೊಂಡರು. ಉರಿ ಎದ್ದಾಗಲೆಲ್ಲ ಸೋಡಾಪುಡಿ ನುಂಗಿ, ತೇಗು ಬಂದರೆ ಹಗುರಾಯಿತು ಅನ್ನುತ್ತಿದ್ದರು. ಒಂದು ಬೆಳಿಗ್ಗೆ ರಕ್ತ ಕಾರಿಕೊಂಡರು. ಚಕ್ಕಡಿ ಹೂಡುವಷ್ಟರಲ್ಲಿ ಎಲ್ಲ ಮುಗಿಯಿತು. ಮಣ್ಣಿಗೆ ಬಂದಿದ್ದ ತಮ್ಮ ಬಸವಣ್ಣೆಪ್ಪ ಪಂಕ್ತಿಯಲ್ಲಿ ಕೂತವನು ಎದೆಗೂಡಿನ ಕೆಳಗೆ ಅಂಗೈ ಒತ್ತಿ ಹಿಡಿದದ್ದನ್ನು ನಾನು ಕಂಡೆ. ಯಜಮಾನರೂ ಅಲ್ಲಿಯೇ ಒತ್ತಿಕೊಳ್ಳುತ್ತಿದ್ದರು. ಅತ್ತೆಯ ಮನೆಯವರು ಬೇಡವೆಂದರೂ ಅವನ ಹಿಂದೆ ರೈಲು ಹತ್ತಿದೆ.

ಬಂದವಳಿಗೆ ಎಲ್ಲದರ ಮೇಲೂ ಗುಮಾನಿ. ಮೊದಲು ನೀರಿನ ಮೇಲೆ. ನಮ್ಮ ಬಾವಿಯ ನೀರಿಗೆ ಉಪ್ಪಿನ ಒಗರಿದೆ, ಕುಡಿದದ್ದು ಗೊತ್ತಾಗುತ್ತದೆ. ಇಲ್ಲಿಯ ಹೊಳೆಯ ನೀರಿಗೆ ರುಚಿಯೇ ಇಲ್ಲ. ರುಚಿ ಇಲ್ಲದ್ದು ಏನನ್ನೋ ಮುಚ್ಚಿಟ್ಟಿದೆ ಎನಿಸಿ, ಕುದಿಸಿ ಸೋಸಿದೆ. ಆಮೇಲೆ ಅನ್ನದ ಮೇಲೆ. ಜೋಳದ ರೊಟ್ಟಿ ತಿಂದರೆ ಸಂಜೆಯವರೆಗೆ ಹೊಟ್ಟೆ ಕೇಳುವುದಿಲ್ಲ. ಇಲ್ಲಿಯ ಅನ್ನ ಉಂಡು ಎದ್ದವನಿಗೆ ಬೇಗ ಹಸಿವು. ನಮ್ಮ ಕಡೆಯೂ ಮೈಸೂರಿಗೆ ಸೇರಿ ರಾಜ್ಯ ಒಂದಾಯಿತು ಎಂದು ಊರಲ್ಲಿ ಪೇಢೆ ಹಂಚಿದ್ದರು. ಒಲೆಗಳು ಇನ್ನೂ ಒಂದಾಗಿಲ್ಲ. ಮೊದಲ ದಿನ ನಕ್ಕಿದ್ದ ಪಕ್ಕದ ಮನೆಯ ಮೆಹರುಬಿಯ ಮೇಲೂ ಗುಮಾನಿಯಿತ್ತು. ಲಾರಿ ಡ್ರೈವರನ ಹೆಂಡತಿ, ಗಟ್ಟಿ ದನಿ, ಯಾರ ಮನೆಯಲ್ಲಿ ಏನು ಬೆಂದಿತೆಂದು ಗೋಡೆಯಾಚೆಯಿಂದಲೇ ಹೇಳುವವಳು. ಅವಳು ಕೊಟ್ಟ ನೀರನ್ನೂ ನಾನು ಮುಟ್ಟಲಿಲ್ಲ. ಎಲ್ಲಕ್ಕಿಂತ ಹೆಚ್ಚು ಗುಮಾನಿ ತಮ್ಮನ ಮೇಲೆ. ಅವನ ಅಂಗಿಯ ಕಿಸೆ ತಡಕುತ್ತಿದ್ದೆ. ಒಂದು ದಿನ ಸೋಡಾಪುಡಿಯ ಪೊಟ್ಟಣ ಸಿಕ್ಕಿತು.

"ಇದೇನೋ?"

"ಗ್ಯಾಸಿಗೆ ಅಕ್ಕಾ. ಎಲ್ಲಾರೂ ತಗೋತಾರೆ. ಬರ್ತೀನಿ, ಹೊತ್ತಾಯ್ತು."

"ಹೊತ್ತಾಯ್ತು ಅಂತ. ನಾಲಿಗಿ ಸೈತ ಇವರದಾತು ನಿಂದು. ನಿಮ್ಮ ಮಾವನೂ ಹೀಂಗ ಅಂತಿದ್ರು, ಗ್ಯಾಸು ಅಂತ. ನಡಿ ಡಾಕ್ಟರ ಕಡೆ."

ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಅವನನ್ನು ಬಿಟ್ಟು ನನಗೇ ಹೇಳಿದರು: "ನೋಡಮ್ಮ, ಹೊಟ್ಟೆಗೆ ಪಾಳಿ ಗೊತ್ತಾಗಲ್ಲ, ಹೊತ್ತು ಗೊತ್ತಾಗುತ್ತೆ. ತುಂಬಾ ಹೊತ್ತು ಖಾಲಿ ಬಿಡಬೇಡಿ. ಖಾಲಿ ಹೊಟ್ಟೇಲಿ ಟೀ, ಬೀಡಿ ಬೇಡವೇ ಬೇಡ. ನೋವು ಬಂದ್ಮೇಲೆ ನನ್ನ ಹತ್ರ ಓಡಿ ಬರೋದಲ್ಲ, ಬರದಂಗೆ ದಿನಾ ನೋಡ್ಕೋಬೇಕು. ಮಲ ಕಪ್ಪಗಾದ್ರೆ ಮಾತ್ರ ಒಂದು ಗಳಿಗೆ ತಡ ಮಾಡಬೇಡಿ."

ಪಾಳಿ ಎಂದರೆ ಸರದಿಯ ಕೆಲಸ. ಒಂದು ವಾರ ಬೆಳಗಿನದು, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ರಾತ್ರಿಯದು. ಖಾರ ಇಳಿಸಿದೆ, ಬೀಡಿ ಕಸಿದೆ, ದಿನವೂ ಹಿತ್ತಿಲಿನಿಂದ ಬಂದವನನ್ನು ತಡೆದು "ಬಣ್ಣ ಹೆಂಗಿತ್ತೋ?" ಎಂದು ಕೇಳಿದೆ. "ಅಕ್ಕಾ, ಮದುವಿ ಆಗೋ ಹುಡುಗ ನಾನು, ಮೆತ್ತಗ ಕೇಳು" ಎಂದು ಅವನು ಗೋಗರೆಯುತ್ತಿದ್ದ. ಗೋಡೆಯಾಚೆ ನಗು ಕೇಳುತ್ತಿತ್ತು. ಇಷ್ಟಾದರೂ ಉರಿ ಹೋಗಲಿಲ್ಲ.

ಒಂದು ದಿನ ಬೆಳಗಿನ ಪಾಳಿ ಮುಗಿಸಿ ಬಂದವನು ನಲ್ಲಿಯ ಬಳಿ ಮುದುರಿ ಕೂತಿದ್ದ. ಸ್ನಾನ, ಲಿಂಗಪೂಜೆ ಆಗದೆ ನಮ್ಮ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಕುಲುಮೆಯ ಮಸಿ ಮೈಮೇಲಿದೆ, ಸಾಲುಮನೆಗಳ ನಲ್ಲಿಗೆ ಮತ್ತೆ ನೀರು ಬರುವುದು ಸಂಜೆಗೆ. ಬೆಳಿಗ್ಗೆಯೂ ನೀರು ಬರುವ ಮೊದಲೇ ಹೊರಟವನು. ಊರಲ್ಲಿ ಬಾವಿ ಹಿತ್ತಿಲಲ್ಲೇ ಇರುವುದರಿಂದ ಈ ನೇಮ ಯಾರಿಗೂ ಭಾರವಲ್ಲ. ಇಲ್ಲಿ ಅದೇ ನೇಮ ಅವನನ್ನು ಹೊತ್ತೇರುವ ಮೊದಲಿನಿಂದ ಹೊತ್ತು ಇಳಿಯುವವರೆಗೆ ಹಸಿವೆಯಲ್ಲಿ ಇಡುತ್ತಿತ್ತು.

ಮೆಹರುಬಿ ಬಾಗಿಲಲ್ಲಿ ನಿಂತಿದ್ದಳು. "ಹುಡುಗನ ಮುಖ ನೋಡಮ್ಮಾ, ಸುಣ್ಣ ಆಗೈತೆ. ಏನಾದ್ರೂ ತಿನ್ಸು ಮಾರಾಯ್ತಿ."

"ಮೈ ತೊಳಕೊಳ್ದ ಹೆಂಗ ಉಣ್ತಾನ?"

"ನಮಗೂ ರೋಜಾ ಐತೆ. ಉಪವಾಸ. ಆದ್ರೆ ಕಾಯಿಲೆಯವನಿಗೆ ಬಿಟ್ಟೈತೆ. ನಿಮ್ಮ ದೇವರು ನಮ್ಮವನಿಗಿಂತ ಕಟ್ಟುನಿಟ್ಟಾ?"

ಸಿಟ್ಟು ಬಂದು ಬಾಗಿಲು ಹಾಕಿದೆ. ಒಳಗೆ ಕೂತು ಯೋಚಿಸಿದೆ. ಇದನ್ನು ಹೇಳಿ ಇವಳಿಗೇನು ಲಾಭ? ಎಷ್ಟು ಹುಡುಕಿದರೂ ಲಾಭ ಕಾಣಲಿಲ್ಲ. ಆ ಸಂಜೆಯಿಂದ ಒಂದು ಹಂಡೆ ನೀರು ತುಂಬಿ ಮುಚ್ಚಿಡತೊಡಗಿದೆ. ಪಾಳಿ ಯಾವುದಾದರೂ, ಹೊರಡುವ ಮೊದಲು ಅವನ ಸ್ನಾನ, ಗಳಿಗೆಯ ಪೂಜೆ, ಒಂದು ಬಟ್ಟಲು ಮೆತ್ತನೆಯ ಗಂಜಿ. ನಡುವೆ ತಿನ್ನಲು ಡಬ್ಬಿಯಲ್ಲಿ ಮೊಸರನ್ನ. ಬಂದ ಮೇಲೆ ಮತ್ತೆ ಹಂಡೆಯ ನೀರು, ಕೂಡಲೇ ಊಟ. ಅವಸರ ಬೇಡ, ಅಗಿದು ನುಂಗು ಎಂದು ಎದುರಿಗೇ ಕೂರುತ್ತಿದ್ದೆ. ದೊಡ್ಡ ಔಷಧವೇನಲ್ಲ. ಆದರೆ ಒಂದು ದಿನವೂ ತಪ್ಪಬಾರದು. ಚಳಿಗಾಲ ಬರುವ ಹೊತ್ತಿಗೆ ಅಂಗೈ ಎದೆಗೂಡಿನ ಕೆಳಗೆ ಹೋಗುವುದು ನಿಂತಿತು. ನಾನು ಮಾತ್ರ ನೋಡುವುದು ಬಿಡಲಿಲ್ಲ.

ಯಜಮಾನರ ವರ್ಷದ ಪುಣ್ಯತಿಥಿಗೆ ಊರಿಗೆ ಹೋದೆ. ರೊಟ್ಟಿ, ಕೆಂಪು ಚಟ್ನಿ ಮುಂದೆ ಬಂದಾಗ ನನ್ನ ಕೈ ಮಜ್ಜಿಗೆ ಹುಡುಕಿತು. "ಮೈಸೂರಾಕಿ ಆಗಿ ಬಂದಾಳ" ಎಂದು ನಾದಿನಿ ಛೇಡಿಸಿದಳು. ಅವರ ಸಮಾಧಿಯ ಗದ್ದುಗೆಗೆ ವಿಭೂತಿ ಹಚ್ಚುವಾಗಲೂ ನನ್ನ ಲಕ್ಷ್ಯ ಭದ್ರಾವತಿಯ ಒಲೆಯ ಮೇಲಿತ್ತು. ಅವರು ಬದುಕಿದ್ದಾಗ ಇಷ್ಟು ತಿಳಿದಿರಲಿಲ್ಲವಲ್ಲ ಎಂದು ಅಲ್ಲಿಯೇ ಕಣ್ಣೀರು ಹಾಕಿದೆ. ಇನ್ನೂ ನಾಲ್ಕು ದಿನ ಇರು ಎಂದರು ಮನೆಯವರು. ಅವನು ಉಂಡಿರಲಿಕ್ಕಿಲ್ಲ ಎಂಬ ಸಂಶಯ ನಿಲ್ಲಗೊಡಲಿಲ್ಲ, ರೈಲು ಹತ್ತಿದೆ.

ಬಂದವಳು ಮೊದಲು ಒಲೆ ಮುಟ್ಟಿ ನೋಡಿದೆ. ಬೂದಿ ತಣ್ಣಗಿತ್ತು. ಗಂಜಿಯ ಪಾತ್ರೆಯಲ್ಲಿ ಜೇಡ ಬಲೆ ಕಟ್ಟಿತ್ತು. ಪಾತ್ರೆ ಹಿಡಿದೇ ತಮ್ಮನ ಮುಂದೆ ನಿಂತೆ.

"ಏನ್ ತಿಂದು ಹೋಗ್ತಿದ್ದಿ ಪಾಳಿಗೆ? ಖರೇ ಹೇಳು."

ಅವನು ನೆಲ ನೋಡಿದ. "ಗಂಜಿನೇ ಅಕ್ಕಾ. ಆ ಮನೆಯಾಗ."

ಮೆಹರುಬಿ ಹಿಂದೆಯೇ ಬಂದಿದ್ದಳು. "ಒಲೆ ಹಚ್ಚಕ್ಕೆ ಬರಲ್ಲ ನಿಮ್ಮ ಹುಡುಗನಿಗೆ, ಖಾಲಿ ಹೊಟ್ಟೇಲಿ ಹೊರಟಿದ್ದ. ಬೈದು ಕೂರಿಸ್ದೆ. ಪಾತ್ರೆ ಬೇರೆ ಇಟ್ಟಿದ್ದೆ, ಬರೀ ಅಕ್ಕಿ, ನೀರು, ಉಪ್ಪು. ಬೈಯೋದಾದ್ರೆ ನನಗೇ ಬೈಯಮ್ಮಾ."

ಉಣ್ಣದೆ ಇದ್ದಿದ್ದರೆ ಒಂದು ಭಯ; ಅಲ್ಲಿ ಉಂಡನೆಂಬುದು ಇನ್ನೊಂದು. ಎರಡನ್ನೂ ತೂಗಿದೆ. ಕೊನೆಗೆ ತಮ್ಮನನ್ನು ಒಂದೇ ಮಾತು ಕೇಳಿದೆ.

"ಹೊಟ್ಟಿ ನೋಯ್ತೇನು?"

"ಇಲ್ಲ ಅಕ್ಕಾ. ಒಂದು ದಿನಾನೂ ಇಲ್ಲ."

ನಾನು ಬರೆದ ಇದನ್ನು ಓದಿದ ಮೇಲೆ ಊರಿನ ನಮ್ಮ ಓಣಿಯವರು ನನ್ನನ್ನು ಪಡಸಾಲೆಗೆ ಕರೆಯುತ್ತಾರೋ ಅಂಗಳದಲ್ಲಿಯೇ ಮಾತಾಡಿಸಿ ಕಳಿಸುತ್ತಾರೋ ಹೇಳಲಾರೆ. ಯಜಮಾನರು ಮಣ್ಣಾದ ಊರು ಅದು, ಬಿಡಲಾರೆ. ಇಲ್ಲಿ ಇವನು ದಿನಾ ಉಣ್ಣಬೇಕು. ಆ ದಿನ ಮೆಹರುಬಿಗೆ ಕೂರಲು ಮಣೆ ಹಾಕಿದೆ. ಅವಳು ತಂದ ಚೊಂಬಿನ ನೀರನ್ನು ಮೂಸಿ ನೋಡಿ, ಆಮೇಲೆ ಕುಡಿದೆ.